ಪೆಟಿಗ್ರೂನ ಹೊಸ ಹೆಜ್ಜೆ

ಹಾರ್ಲೆಮ್ಮಿನಲ್ಲಿ ಯಾರೇ ವಯಸ್ಸು ಕೇಳಲಿ, ಲೂಷಸ್ ಪೆಟಿಗ್ರೂ ಮೂವತ್ತೆಂಟು ಎನ್ನುತ್ತಿದ್ದ. ಹತ್ತು ವರ್ಷದ ಹಿಂದೆಯೂ ಅಷ್ಟೇ ಹೇಳಿದ್ದ, ಪುಣ್ಯಾತ್ಮ. ಬೂಟಿನ ತಳಕ್ಕೆ ಲಾಳ ಹೊಡೆಸಿ ಟಕಟಕ ಕುಣಿಯುವುದು, ನಡುನಡುವೆ ಟೋಪಿ ಹಾರಿಸಿ ಜನರನ್ನು ನಗಿಸುವುದು, ಇಷ್ಟು ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಈಗ ಎಡ ಮಂಡಿ ಕೈಕೊಟ್ಟಿತ್ತು.

ಸುತ್ತು ಹೊಡೆದು ನಿಲ್ಲುವಾಗ ಮಂಡಿ ಕುಸಿಯುತ್ತಿತ್ತು. ಅವನೇನು ಕಮ್ಮಿ ಆಸಾಮಿಯೇ? ಕುಸಿದ ಕೂಡಲೇ ಟೋಪಿ ಎತ್ತಿ, ಮುಂದಿನ ಸಾಲಿನ ಯಾವುದೋ ಹೆಂಗಸಿಗೆ ವಂದಿಸಿದಂತೆ ನಟಿಸಿಬಿಡುತ್ತಿದ್ದ. ಥಿಯೇಟರು ಬಿದ್ದು ಬಿದ್ದು ನಗುತ್ತಿತ್ತು.

ಅವನ ಹೆಂಡತಿ ಆರ್ಡೆಲ್ ಮಾತ್ರ ಒಂದು ದಿನ ತೈಲದ ಶೀಶೆ ಹಿಡಿದು ನಿಂತಳು. “ಬೆನ್ನಿಗೆ ಅಂತ ತರಿಸ್ಕೊಂಡ್ರಿ. ಬೆನ್ನು ಯಾವಾಗ ಮಂಡಿ ತನಕ ಇಳೀತು, ಮಹಾರಾಯರೇ?”

“ಮೆತ್ತಗೆ ಮಾತಾಡೇ! ಗ್ಯಾಡ್ಸನ್ ಕಿವಿಗೆ ಬಿದ್ರೆ ನನ್ ಕಥೆ ಮುಗೀತು.”

ಗ್ಯಾಡ್ಸನ್ ಊರೂರು ಸುತ್ತುವ ತಂಡ ಕಟ್ಟುವವನು. ಶನಿವಾರ ಮಧ್ಯಾಹ್ನ ಬಿಲಿಯರ್ಡ್ಸ್ ಅಂಗಡಿಯ ಹಿಂದಿನ ಕೋಣೆಗೆ ಬಂದು, ಚಳಿಗಾಲದ ತಿರುಗಾಟಕ್ಕೆ ಜನರನ್ನು ಆರಿಸುವವನಿದ್ದ. ಕುಂಟನನ್ನು ಯಾರು ಆರಿಸುತ್ತಾರೆ?

ಆ ಕೋಣೆ ಕುಣಿಯುವವರ ಸ್ವಂತ ಅಡ್ಡೆ. ಅಲ್ಲಿ ಇನ್ನೊಬ್ಬರ ಹೆಜ್ಜೆ ಕದಿಯುವುದು ತಪ್ಪಲ್ಲ. ಕದ್ದದ್ದನ್ನು ಇದ್ದ ಹಾಗೇ ಕುಣಿದರೆ ಮಾತ್ರ ಮರ್ಯಾದೆ ಹೋಗುತ್ತದೆ. ಏನಾದರೂ ಸ್ವಂತದ್ದು ಸೇರಿಸಬೇಕು. ಆಮೇಲೆ ಹೆಜ್ಜೆಯ ಒಡೆಯ ಎದ್ದು ಕುಣಿದೇ ಉತ್ತರ ಕೊಡಬೇಕು.

ಶನಿವಾರ ಕ್ಲೀವ್ ಮೆಕ್ರೇ ಎಂಬ ಚಿಗುರುಮೀಸೆಯ ತರುಣ ಪಿಯಾನೋದವನಿಗೆ ಸನ್ನೆ ಮಾಡಿ ಎದ್ದ. ಸುತ್ತು ಹೊಡೆದ, ಎಡ ಮಂಡಿ ಕುಸಿಸಿದ, ಟೋಪಿ ಎತ್ತಿದ. ಹಿಂದೆಯೇ ಬಲ ಮಂಡಿಯನ್ನೂ ಕುಸಿಸಿ ಇನ್ನೊಮ್ಮೆ ಟೋಪಿ ಎತ್ತಿದ. ಕೋಣೆ ಹೋ ಎಂದಿತು.

ಲೂಷಸನಿಗೆ ಮೈಯೆಲ್ಲ ಉರಿದುಹೋಯಿತು. ವಾಚು ಕದ್ದವರನ್ನು ಕಂಡಿದ್ದ, ಇನ್ನೊಬ್ಬರ ಹೆಂಡತಿಯನ್ನು ಹಾರಿಸಿಕೊಂಡು ಹೋದವರನ್ನೂ ಕಂಡಿದ್ದ. ಮಂಡಿನೋವನ್ನೂ ಕದಿಯುತ್ತಾರೆಯೇ? ಲೋ, ಅದು ಹೆಜ್ಜೆಯಲ್ಲವೋ, ನನ್ನ ಹಾಳು ಮಂಡಿ ಎಂದು ಕೂಗಬೇಕೆನಿಸಿತು. ಆದರೆ ಗ್ಯಾಡ್ಸನ್ ಸಿಗಾರ್ ಕಚ್ಚಿಕೊಂಡು ಎದುರಿಗೇ ಕೂತಿದ್ದ.

“ಕುಸಿಯೋದು ಹಂಗಲ್ಲಪ್ಪಾ,” ಎಂದ ಲೂಷಸ್. “ನೀನು ಕುರ್ಚಿ ಹುಡುಕ್ತಿರೋ ಹಂಗಿದೆ.”

“ಹಂಗಾದ್ರೆ ನೀವೇ ತೋರ್ಸಿ ಗುರುಗಳೇ. ಇನ್ನೂ ಮೂವತ್ತೆಂಟರ ಹುಡುಗ್ರು ನೀವು!”

ಲೂಷಸ್ ಎದ್ದ. ಸುತ್ತು ಹೊಡೆದ. ಬೇಡವೆಂದಾಗಲೆಲ್ಲ ಕುಸಿಯುತ್ತಿದ್ದ ದರಿದ್ರ ಮಂಡಿ, ಬೇಕೆಂದಾಗ ಕಂಬದ ಹಾಗೆ ನಿಂತುಬಿಟ್ಟಿತು!

“ಎಲ್ಲಿ ಹೋಯ್ತು ಯಜಮಾನ್ರೇ ಹೆಜ್ಜೆ?” ಎಂದು ಯಾರೋ ಕೆಣಕಿದರು.

ಅವನು ಇನ್ನೂ ಜೋರಾಗಿ ಸುತ್ತಿದ. ಈ ಸಲ ಮಂಡಿ ಕುಸಿದ ರಭಸಕ್ಕೆ ಟೋಪಿ ಎತ್ತಲು ಪುರುಸೊತ್ತೇ ಸಿಗಲಿಲ್ಲ. ದೊಪ್ಪನೆ ನೆಲಕ್ಕೆ ಬಿದ್ದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಗ್ಯಾಡ್ಸನ್ ಕೂಡ. ಲೂಷಸ್ ಏಳಲು ನೋಡಿದ. ಆಗಲಿಲ್ಲ. ಈ ನಗು ನಿಂತ ಮರುಕ್ಷಣ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ದೇವರೇ, ಇವರು ನಗುತ್ತಲೇ ಇರಲಿ ಎಂದು ಬೇಡಿಕೊಂಡ.

ಮೊದಲು ನಗು ನಿಲ್ಲಿಸಿದವನು ಕ್ಲೀವ್. ಅವನು ಗಿರಗಿರನೆ ಸುತ್ತುತ್ತ ಬಂದು ಲೂಷಸನ ಪಕ್ಕದಲ್ಲೇ ದೊಪ್ಪೆಂದು ಬಿದ್ದ. ನಗು ಮತ್ತೆ ಏರಿತು.

“ಗುರುಗಳೇ, ಇದು ಹೆಜ್ಜೆ ಅಲ್ವಾ?” ಎಂದು ಪಿಸುಗುಟ್ಟಿದ.

“ಅಲ್ಲ ಕಣೋ.”

“ಅಯ್ಯೋ ದೇವ್ರೇ! ವಾರವೆಲ್ಲ ಕೂತು ಕಲಿತೆನಲ್ಲ ನಾನು.” ಆಮೇಲೆ ಎದ್ದು ನಿಂತು, ದನಿ ಏರಿಸಿ ಕೈ ಚಾಚಿದ. “ಏಳಿ, ಏಳಿ! ಇಲ್ಲೇ ಮಲಗಿದ್ರೆ ಅಂಗಡಿಯವನು ಬಾಡಿಗೆ ಕೇಳ್ತಾನೆ!”

ಲೂಷಸನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೂ ಆ ಕೈ ಹಿಡಿದ.

“ಭಾರ ಪೂರಾ ನನ್ ಮೇಲೆ ಹಾಕಿ,” ಎಂದು ಕಿವಿಯಲ್ಲಿ ಹೇಳಿ, ಕ್ಲೀವ್ ಅವನನ್ನು ತಾಳಕ್ಕೆ ಸರಿಯಾಗಿ ಎತ್ತಿ ನಿಲ್ಲಿಸಿದ.

ಗ್ಯಾಡ್ಸನ್ ಕಣ್ಣೊರೆಸಿಕೊಂಡ. “ಭಲೇ! ನಿಮ್ಮಿಬ್ಬರ ಜೋಡಿ ಯಾವಾಗಿಂದ್ರಯ್ಯಾ?”

ಕ್ಲೀವ್ ಲೂಷಸನ ಮುಖ ನೋಡಿದ. ಲೂಷಸ್ ಇಷ್ಟು ವರ್ಷವೂ ಒಬ್ಬನೇ ಕುಣಿದವನು, ಪೋಸ್ಟರಿನಲ್ಲಿ ತನ್ನ ಪಕ್ಕ ಇನ್ನೊಂದು ಹೆಸರು ಬರೆಯಲು ಬಿಟ್ಟವನಲ್ಲ.

“ಇವತ್ತಿಂದ,” ಎಂದ. ದನಿ ಕೀರಲಾಯಿತು. ಜನ ಅದಕ್ಕೂ ನಕ್ಕರು.