ಗಾಜಕ್ಕನ ಒಳನಡುಕ

ಮೊದಲು ಅನುಮಾನ ಬಂದದ್ದು ಫ್ರಿಜ್ಜಿನ ಮೇಲೆ.

"ಅದರ ಮೋಟರೇ ಇರಬೇಕು ಕಣ್ರೀ. ಗೋಡೆ ಆಚೆ ಗುಂಯ್ ಅಂತಿರುತ್ತೆ, ಮಂಚಕ್ಕೆ ತಗಲುತ್ತೆ," ಅಂದಳು ಗಾಜಕ್ಕ.

ಅವಳ ಗಂಡ ಶಾಲಾ ಬಸ್ಸಿನ ಡ್ರೈವರು. ಒಳ್ಳೆಯ ಮನುಷ್ಯ. ಅವತ್ತೇ ಫ್ರಿಜ್ಜನ್ನು ಅಡುಗೆಮನೆಯ ಆ ಮೂಲೆಗೆ ತಳ್ಳಿದ. ಮರುದಿನ ಬೆಳಗ್ಗೆಯೂ ಅದೇ ಕಥೆ. ಇನ್ನೂ ಕಣ್ಣು ಬಿಟ್ಟಿಲ್ಲ, ಆಗಲೇ ಎದೆಯೊಳಗಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಸಣ್ಣಗೆ ಝುಂ ಝುಂ ಅಂತ ಕಂಪನ. ಮಂಚ ತಿರುಗಿಸಿ ಹಾಕಿದ್ದಾಯಿತು. ನೆಲದ ಮೇಲೆ ಹಾಸಿಕೊಂಡು ಮಲಗಿದ್ದೂ ಆಯಿತು.

"ಇನ್ನೇನು, ಮನೇನೇ ಪಕ್ಕಕ್ಕೆ ತಳ್ಳಲಾ?" ಅಂದ ಗಂಡ.

"ತಮಾಷೆ ಬೇಡ. ಬೆನ್ನ ಮೇಲೆ ಕೈಯಿಟ್ಟು ನೋಡಿ. ನಡುಗ್ತಿದೆಯೋ ಇಲ್ವೋ?"

ಅವನು ಕೈಯಿಟ್ಟು ಬಹಳ ಹೊತ್ತು ನೋಡಿದ. "ಏನೂ ಇಲ್ಲ ಕಣೆ. ಕಲ್ಲಿನ ಹಾಗಿದ್ದೀಯ."

ಪಕ್ಕದ ಲೋಟದಲ್ಲಿದ್ದ ನೀರೂ ಅಲುಗುತ್ತಿರಲಿಲ್ಲ. ಗಾಜಕ್ಕನಿಗೆ ಆಗ ನಿಜವಾಗಿ ಭಯ ಹುಟ್ಟಿತು. ಆ ಭಯಕ್ಕೆ ಕಾರಣ ಅವಳ ಅಪ್ಪ.

ಗಾಜಕ್ಕ ಫೋಟೋಗಳಿಗೆ ಕಟ್ಟು ಹಾಕುವವಳು. ಅಂಗಡಿ ಅಪ್ಪನ ಕಾಲದ್ದು. ಆಗೆಲ್ಲ ಮನೆಗೊಂದು ಫೋಟೋ ಇದ್ದರೆ ಹೆಚ್ಚು. ಅದನ್ನು ಬಟ್ಟೆಯಲ್ಲಿ ಸುತ್ತಿ, ಹಸುಗೂಸನ್ನು ಎತ್ತಿ ತಂದ ಹಾಗೆ ತರುತ್ತಿದ್ದರು. ಅಪ್ಪ ಕೈ ತೊಳೆದು ಒರೆಸಿಕೊಂಡೇ ಅದನ್ನು ಮುಟ್ಟುತ್ತಿದ್ದ. ಅಂಗಡಿ ತುಂಬ ಮರದ ಪುಡಿಯ ವಾಸನೆ, ಬಿಸಿ ಅಂಟಿನ ವಾಸನೆ. ಶಾಲೆ ಬಿಟ್ಟ ಮೇಲೆ ಗಾಜಕ್ಕನೂ ಅವಳ ಗೆಳತಿಯೂ ಕೆಲಸದ ಮೇಜಿನ ಕೆಳಗೆ ಹಳೇ ಪೇಪರು ಹಾಸಿಕೊಂಡು ಮಲಗುತ್ತಿದ್ದರು. ಮೇಲೆ ಅಪ್ಪ ಗಾಜಿಗೆ ಗೆರೆ ಎಳೆಯುವ ಕಿರ್ರ್ ಸದ್ದು. ಆಮೇಲೆ ಟಕ್ ಅಂತ ಗಾಜು ಎರಡಾಗುವ ಸದ್ದು. ಅದನ್ನು ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಎದ್ದಾಗ ಮೈ ಹತ್ತಿಯ ಹಾಗೆ ಹಗುರ. ಕೆನ್ನೆಯ ಮೇಲೆ ಪೇಪರಿನ ಅಕ್ಷರ ತಲೆಕೆಳಗಾಗಿ ಅಚ್ಚಾಗಿರುತ್ತಿತ್ತು. "ಇವತ್ತಿನ ಸುದ್ದಿ ಓದ್ತೀನಿ ತಾಳು," ಅಂತ ಅಪ್ಪ ಅವಳ ಮುಖವನ್ನು ಬೆಳಕಿಗೆ ಹಿಡಿದು ನಗುತ್ತಿದ್ದ. ನಿದ್ದೆಗೇ ಹೆದರುವ ಕಾಲ ಬಂದೀತು ಅಂತ ಆಗ ಯಾರು ಅಂದುಕೊಂಡಿದ್ದರು?

ಅಪ್ಪನಿಗೆ ವಯಸ್ಸಾದಂತೆ ಬಲಗೈ ನಡುಗತೊಡಗಿತು. ಸುಮ್ಮನೆ ಕೂತಾಗಲೂ ಬೆರಳು ಆಡುತ್ತಲೇ ಇರುತ್ತಿದ್ದವು. ಅವನು ಯಾರಿಗೂ ಬಾಯಿ ಬಿಡಲಿಲ್ಲ. ಗಿರಾಕಿ ಬಂದರೆ ಕೈಯನ್ನು ಜೇಬಿಗೆ ಸೇರಿಸಿಬಿಡುತ್ತಿದ್ದ. ಕೊನೆಗೆ ಒಂದು ದಿನ ಆಳೆತ್ತರದ ಕನ್ನಡಿ ಕೈಜಾರಿ ಚೂರುಚೂರಾಯಿತು. ಅವತ್ತೇ ಕೆಲಸ ಮಗಳಿಗೆ ಬಿಟ್ಟು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ಹೋದ ವರ್ಷ ತೀರಿಕೊಳ್ಳುವ ತನಕ ಅವನ ಜಾಗ ಅದೇ.

'ಅಪ್ಪನ ಕಾಯಿಲೆ ನನಗೂ ಬಂತು' ಅಂತ ಗಾಜಕ್ಕ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಳು. ದೊಡ್ಡ ಗಾಜಿನ ಕೆಲಸ ಬಂದರೆ "ಸಾಮಾನಿಲ್ಲ" ಅಂತ ವಾಪಸು ಕಳಿಸತೊಡಗಿದಳು. ಪಕ್ಕದ ಮನೆಯವರ ಕಿಟಕಿ ಗಾಜಿಗೆ ಮಾತ್ರ ಇಲ್ಲ ಅನ್ನಲಾಗಲಿಲ್ಲ. ಕೈ ನಡುಗೀತು ಅನ್ನುವ ಹೆದರಿಕೆಯಲ್ಲಿ ಗಾಜನ್ನು ಬಿಗಿಯಾಗಿ ಅದುಮಿದಳು. ಗಾಜು ಒಡೆದು ಅಂಗೈಯನ್ನು ಸೀಳಿತು.

ಆಗಷ್ಟೇ ಮಕ್ಕಳನ್ನು ಇಳಿಸಿ ಬಂದಿದ್ದ ಗಂಡ ಖಾಲಿ ಬಸ್ಸಿನಲ್ಲೇ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದ. ಗಾಯಕ್ಕೆ ಪಟ್ಟಿ ಕಟ್ಟಿದ ನರ್ಸು ಬೇರಾರೂ ಅಲ್ಲ, ಮೇಜಿನ ಕೆಳಗೆ ಜೊತೆಗೆ ಮಲಗುತ್ತಿದ್ದ ಆ ಗೆಳತಿಯೇ.

"ನೀನು ಗಾಜಿನಿಂದ ಕೈ ಕುಯ್ದುಕೊಂಡಿದ್ದು ನಾನು ಇವತ್ತಿನವರೆಗೆ ನೋಡೇ ಇಲ್ಲ. ಏನಾಯ್ತೇ?"

ಗಾಜಕ್ಕ ಎಲ್ಲವನ್ನೂ ಹೇಳಿಬಿಟ್ಟಳು. ನಿದ್ದೆಗೆ ಜಾರುವಾಗ, ಎಚ್ಚರಾಗುವಾಗ ಮೈಯೊಳಗೆ ಏಳುವ ಆ ಕಂಪನ. ಅಪ್ಪನ ಕೈ. ತನ್ನ ಭಯ.

ಗೆಳತಿ ನಗಲಿಲ್ಲ. "ಗಾಯವಾಗದ ಕೈ ಮುಂದೆ ಚಾಚು," ಅಂದು ಅದರ ಮೇಲೊಂದು ಹಾಳೆ ಇಟ್ಟಳು. ಹಾಳೆ ಅಲುಗಲಿಲ್ಲ. "ನೋಡು. ಆದರೂ ನಿನಗೆ ಅನ್ನಿಸ್ತಿರೋದು ಸುಳ್ಳಲ್ಲ. ಇಂಥ ಒಳನಡುಕ ಎಷ್ಟೋ ಜನಕ್ಕೆ ಬರುತ್ತೆ. ಹೊರಗೆ ಕಾಣಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ. ಇರಲಿ, ನಿದ್ದೆಗೆ ಏನಾದ್ರೂ ಮಾತ್ರೆ ನುಂಗ್ತಿದ್ದೀಯಾ?"

ಗಾಜಕ್ಕ ಗಂಡನ ಮುಖ ನೋಡಿದಳು. ಅವನಿಗೆ ಈ ವಿಷಯ ಗೊತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅದೇ ಬೀದಿಯಲ್ಲಿರುವ ಗಂಡನ ಅಕ್ಕ, ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ, ತಾನು ತೆಗೆದುಕೊಳ್ಳುವ ಮಾತ್ರೆಯನ್ನೇ ಕೊಟ್ಟಿದ್ದಳು. ನಿದ್ದೆಯೇನೋ ಬಂತು. ತಿಂಗಳುಗಟ್ಟಲೆ ನುಂಗಿದ ಮೇಲೆ "ಅದು ಅಭ್ಯಾಸವಾಗಿಬಿಡುತ್ತೆ" ಅಂತ ಯಾರೋ ಹೆದರಿಸಿದರು. ಒಂದೇ ಸಲಕ್ಕೆ ಬಿಟ್ಟಳು. ಕಂಪನ ಶುರುವಾದದ್ದು ಆಗ. ಹೆದರಿ ಮತ್ತೆ ನುಂಗಿದಳು, ಮತ್ತೆ ಬಿಟ್ಟಳು.

"ನಾಳೆ ಡಾಕ್ಟರಿಗೆ ಇದನ್ನೆಲ್ಲ ಹೀಗೇ ಹೇಳ್ಬೇಕು. ಒಂದನ್ನೂ ಮುಚ್ಚಿಡಬಾರದು," ಅಂದಳು ಗೆಳತಿ.

ಸಂಜೆ ದೊಡ್ಡಕ್ಕ ನೋಡಲು ಬಂದಳು. ವಿಷಯ ಕೇಳಿ ಸಿಡಿಮಿಡಿಗೊಂಡಳು.

"ಮೈಯೊಳಗೆ ಝುಂ ಅನ್ನುತ್ತೆ ಅಂತ ಡಾಕ್ಟರ ಮುಂದೆ ಹೇಳ್ತೀಯಾ? ತಲೆ ಕೆಟ್ಟಿದೆ ಅಂತ ಚೀಟಿ ಬರೆದುಕೊಡ್ತಾರೆ! ಚೆನ್ನಾಗಿ ತಿನ್ನು, ಸುಮ್ಮನೆ ಮಲಗು. ನಾನು ಎಷ್ಟು ವರ್ಷದಿಂದ ಆ ಮಾತ್ರೆ ನುಂಗ್ತಿಲ್ಲ? ನನಗೇನಾಗಿದೆ?"

"ಅಕ್ಕಾ," ಅಂದ ಗಂಡ, "ಮಾವನೂ ಹೀಗೇ ಯಾರಿಗೂ ಹೇಳದೆ ಕೂತರು. ಮೊದಲೇ ತೋರಿಸಿದ್ದರೆ ಔಷಧಿಯಿಂದ ನಡುಕ ಹತೋಟಿಗೆ ಬಂದು ಇನ್ನಷ್ಟು ಕಾಲ ಕೆಲಸ ಮಾಡಬಹುದಿತ್ತೋ ಏನೋ. ಇವಳನ್ನು ನಾನು ಹಾಗೆ ಬಿಡಲ್ಲ."

ಅಕ್ಕನ ಮಾತಿಗೆ ಅವನು ಎದುರಾಡಿದ್ದು ಅದೇ ಮೊದಲು.

ಮರುದಿನ ಡಾಕ್ಟರಮ್ಮ ಸಮಾಧಾನವಾಗಿ ಕೇಳಿದರು. ನಡೆಸಿ ನೋಡಿದರು, ಕೈಕಾಲು ಮಡಿಸಿ ನೋಡಿದರು. ಸಕ್ಕರೆ, ಥೈರಾಯ್ಡ್, ವಿಟಮಿನ್, ರಕ್ತದಲ್ಲಿನ ಕಬ್ಬಿಣದ ಅಂಶ ಎಲ್ಲ ಪರೀಕ್ಷೆ ಮಾಡಿಸಿದರು. ವರದಿ ಬಂದಾಗ ಯಾವುದರಲ್ಲೂ ದೋಷ ಕಾಣಲಿಲ್ಲ.

"ನಿಮ್ಮ ತಂದೆಯವರ ಕಾಯಿಲೆಯ ಲಕ್ಷಣ ನಿಮ್ಮಲ್ಲಿ ಈಗ ಕಾಣ್ತಿಲ್ಲ," ಅಂದರು. "ನಿದ್ದೆ ಮಾತ್ರೆಯನ್ನ ಹಠಾತ್ತಾಗಿ ಬಿಡೋದು, ಮತ್ತೆ ಹಿಡಿಯೋದು, ಇದರಿಂದ ಹೀಗಾಗಿರಬಹುದು. ದುಃಖ, ನಿದ್ದೆಗೇಡು, ಅತಿಯಾದ ಕಾಫಿ ಟೀ ಕೂಡ ಸೇರಿಕೊಳ್ಳುತ್ತೆ. ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋ ಪರೀಕ್ಷೆ ಇಲ್ಲ. ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗಲ್ಲ. ಅದನ್ನೂ ನಿಮಗೆ ಹೇಳಿಬಿಡ್ತೀನಿ. ಮಾತ್ರೆಯನ್ನ ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸೋಣ. ಆಗಾಗ ಬಂದು ತೋರಿಸಿ."

ಗಾಜಕ್ಕ ಹೊರಗೆ ಬಂದು ಬಸ್ಸಿನ ಮೆಟ್ಟಿಲ ಮೇಲೆ ಕೂತು ಅತ್ತಳು. ತನ್ನ ಕಾಯಿಲೆಗಲ್ಲ. ಜೇಬಿನಲ್ಲಿ ಕೈ ಇಟ್ಟುಕೊಂಡು ಗಿರಾಕಿಗಳೊಂದಿಗೆ ನಗುತ್ತ ಮಾತಾಡುತ್ತಿದ್ದ ಅಪ್ಪ ಕಣ್ಣಮುಂದೆ ಬಂದಿದ್ದ. ಎಷ್ಟು ಒಂಟಿಯಾಗಿ ಹೆದರಿದ್ದನೋ!

ಆದರೆ ದೊಡ್ಡಕ್ಕನಿಗೆ ಈ ಸುದ್ದಿ ಮುಟ್ಟಿದ್ದೇ ಇನ್ನೊಂದು ಫಜೀತಿ ಆಯಿತು. "ಹಾಗಾದ್ರೆ ಆ ವಿಷ ನನಗೂ ಬೇಡ," ಅಂತ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಎಸೆದು ಕೂತಳು. ಗಾಜಕ್ಕನ ಗಂಡ ಅದನ್ನು ದೊಡ್ಡ ಸಾಹಸ ಅನ್ನುವಂತೆ ಬಂದು ಹೇಳಿದ. ಗಾಜಕ್ಕ ಫೋಟೋಗೆ ಅರ್ಧ ಹಾಕಿದ ಕಟ್ಟನ್ನು ಹಾಗೇ ಬಿಟ್ಟು ಓಡಿದಳು.

"ದೊಡ್ಡಕ್ಕಾ, ಹೀಗೆ ಬಿಡಬೇಡಿ! ವರ್ಷಗಟ್ಟಲೆ ನುಂಗಿದ ಮಾತ್ರೆಯನ್ನ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಫಿಟ್ಸ್ ಬರಬಹುದಂತೆ. ಏಳಿ, ಈಗಲೇ ಡಾಕ್ಟರ ಹತ್ತಿರ ಹೋಗೋಣ."

"ತಗೊಂಡ್ರೂ ತಪ್ಪು, ಬಿಟ್ಟರೂ ತಪ್ಪಾ?"

"ನಾವೇ ಡಾಕ್ಟರಾಗೋದು ತಪ್ಪು. ಏಳಿ."

ದೊಡ್ಡಕ್ಕ ಗೊಣಗುತ್ತಲೇ ಬಂದಳು. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಬಹಳ ಹೊತ್ತು ಸೆರಗಿನ ಅಂಚು ತಿರುಚುತ್ತ ಕೂತಳು. ಡಾಕ್ಟರಮ್ಮ "ನಿಮಗೇನು ತೊಂದರೆ?" ಅಂತ ಕೇಳಿದಾಗ ಗಾಜಕ್ಕನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಂಗೂ ಆಗುತ್ತೆ ಡಾಕ್ಟ್ರೇ," ಅಂದಳು ಮೆಲ್ಲಗೆ. "ಬೆಳಗ್ಗೆ ಏಳೋವಾಗ, ಮೈಯೊಳಗೆ. ನಮ್ಮ ಯಜಮಾನರು ತೀರಿಕೊಂಡಾಗಿನಿಂದ. ಯಾರಿಗೂ ಹೇಳಿರಲಿಲ್ಲ."

ಈಗ ಇಬ್ಬರ ಮಾತ್ರೆಯ ಪ್ರಮಾಣವೂ ಇಳಿಯುತ್ತಿದೆ, ನಿಧಾನವಾಗಿ. ಒಮ್ಮೊಮ್ಮೆ ಬೆಳಗ್ಗೆ ಕಂಪನ ಈಗಲೂ ಇಣುಕುತ್ತದೆ. ಗಾಜಕ್ಕ ಉದ್ದಕ್ಕೆ ಉಸಿರುಬಿಟ್ಟು ಅದು ಅಡಗುವ ತನಕ ಮಲಗಿರುತ್ತಾಳೆ. ಎದ್ದು ಬೀದಿಗೆ ಬಂದರೆ ಆ ಕಡೆ ಬಾಗಿಲಲ್ಲಿ ದೊಡ್ಡಕ್ಕ. "ಇವತ್ತು ಹೇಗಿತ್ತು?" ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ, ಮುಚ್ಚುಮರೆಯಿಲ್ಲದೆ, ಬೀದಿಗೆಲ್ಲ ಕೇಳುವ ಹಾಗೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮೈಯೊಳಗೂ ಹೀಗಾಗುತ್ತಿದೆಯೇ? ನಾಚಬೇಡಿ, ನೀವೇ ಕಾಯಿಲೆಗೆ ಹೆಸರಿಟ್ಟುಕೊಂಡು ಕೊರಗಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನುಂಗುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ದು, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಇನ್ನೊಬ್ಬರ ನಿದ್ದೆ ಮಾತ್ರೆ ನಿಮಗೆ ಬೇಡ, ನಿಮ್ಮದನ್ನು ಇನ್ನೊಬ್ಬರಿಗೆ ಕೊಡಬೇಡಿ, ಡಾಕ್ಟರನ್ನು ಕೇಳದೆ ನಿಲ್ಲಿಸಲೂ ಬೇಡಿ. ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ, ಎದೆ ನೋವು ಕಾಣಿಸಿದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ ಯಾರಾದರೂ "ಮೈಯೊಳಗೆ ಏನೋ ಆಗ್ತಿದೆ" ಅಂದರೆ ನಕ್ಕು ಸುಮ್ಮನಾಗಿಸಬೇಡಿ. ಪಕ್ಕದಲ್ಲಿ ಕೂತು ಕೇಳಿ, ಜೊತೆಗೆ ಹೋಗಿ ಬನ್ನಿ.