ಯಜಮಾನಿಯ ಪೊದೆ

ದೇವರು ಕಾಡು ಮಾಡಿ ಕೈ ತೊಳೆದುಕೊಂಡ, ಬೇಲಿಯ ತಲೆನೋವು ಮನುಷ್ಯರಿಗೆ ಬಿಟ್ಟ ಎನ್ನುತ್ತಾರೆ. ಒಂದೂರಿನ ಅತ್ತಿಗೆ ನಾದಿನಿಯರ ಪಾಲಿಗೂ ಒಂದು ತುಂಡು ಕಾಡು, ಅದರ ಸುತ್ತ ಇದ್ದೂ ಇಲ್ಲದಂಥ ಒಂದು ಬೇಲಿ ಬಂದಿತ್ತು. ದೊಡ್ಡದೇನಲ್ಲ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಸೌದೆ ಕಟ್ಟುವವರು ಓಗೊಡುವಷ್ಟು. ಗಂಡ ತೀರಿಕೊಂಡ ಮೇಲೆ ಅತ್ತಿಗೆಯೇ ಅದನ್ನು ನೋಡಿಕೊಂಡಳು. ಯಾವ ಮರ ಒಣಗಿದೆ, ಯಾವ ಗಳ ಮಾರಬಹುದು, ಯಾವುದು ಇನ್ನೂ ದಪ್ಪವಾಗಲಿ ಎಂಬುದೆಲ್ಲ ಅವಳಿಗೆ ಬಾಯಿಪಾಠ. ನಾದಿನಿ ಮನೆಯ ಮುಂದಿನ ಕೋಣೆಯಲ್ಲಿ ಊರವರ ಬಟ್ಟೆ ಹೊಲಿಯುತ್ತಿದ್ದಳು. ನೀನು ಮರ ನೋಡಿಕೋ, ನಾನು ಮಾನ ನೋಡಿಕೊಳ್ತೀನಿ ಎಂದು ಅತ್ತಿಗೆಯನ್ನು ರೇಗಿಸುತ್ತಿದ್ದಳು.

ಕಾಡಿನ ತಗ್ಗಿನಲ್ಲಿ ಒಂದು ಪೊದೆಯಿತ್ತು. ಗಂಡ ಇದ್ದ ಕಾಲದಲ್ಲಿ, ಚಳಿ ಮುಗಿದು ಚಿಗುರು ಬರುವ ಹೊತ್ತಿಗೆ ಅದರೊಳಗೆ ಒಂದು ಹಕ್ಕಿ ಬಂದು ಹಾಡುತ್ತಿತ್ತು. ನೋಡಿದರೆ ಮಣ್ಣಿನ ಹೆಂಟೆ, ಕೇಳಿದರೆ ದೇವಲೋಕ. ಗಂಡ ಅದಕ್ಕೆ ಯಜಮಾನಿ ಎಂದು ಹೆಸರಿಟ್ಟಿದ್ದ. ನನಗೆ ಮನೆಯಲ್ಲೊಬ್ಬಳು, ಪೊದೆಯಲ್ಲೊಬ್ಬಳು. ಇವಳು ಬೈತಾಳೆ, ಅವಳು ಹಾಡ್ತಾಳೆ ಎನ್ನುತ್ತಿದ್ದ. ಬೈಯುವವಳೂ ಬೆಳಿಗ್ಗೆ ಕೆಲಸ ಬಿಟ್ಟು ಬಂದು ಅವನ ಪಕ್ಕ ಕೂರುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಅವಳ ಸಂಸಾರದಲ್ಲಿ ಅತಿ ಹೆಚ್ಚು ಮಾತಾಡಿದ್ದು ಆ ಹೊತ್ತಿನಲ್ಲೇ ಎಂದು ಈಗ ಅನಿಸುತ್ತಿತ್ತು.

ಅವನು ಹೋದ ಮೇಲೆ ಅವಳು ಆ ಪೊದೆಗೆ ಕತ್ತಿ ಸೋಕಿಸಲಿಲ್ಲ. ದೇವರ ಮುಂದಿನ ದೀಪದಂತೆ ಅದನ್ನು ಕಾಪಾಡಿದಳು. ಆದರೂ ಹಕ್ಕಿ ಬರುವುದು ವರ್ಷವರ್ಷ ಕಡಿಮೆಯಾಗಿ ಕೊನೆಗೆ ನಿಂತೇಹೋಯಿತು.

ಅಷ್ಟರಲ್ಲಿ ಕಿವಿಯ ಕಥೆ ಶುರುವಾಯಿತು. ಒಂದು ಮಧ್ಯಾಹ್ನ ಅವಳು ಅಡುಗೆಮನೆಯಿಂದಲೇ, ಯಾಕೆ ಹೊಲಿಗೆ ನಿಲ್ಲಿಸಿದೆ ಎಂದು ಕೇಳಿದಳು. ಯಂತ್ರ ನಿಂತಿರಲಿಲ್ಲ, ಭರದಿಂದ ಓಡುತ್ತಿತ್ತು. ವೈದ್ಯರು ಪರೀಕ್ಷೆ ಮಾಡಿ, ಕಿವಿ ನಿಧಾನವಾಗಿ ಮಂಜಾಗುತ್ತಾ ಹೋಗುತ್ತದೆ, ತಡೆಯಲು ಆಗದು, ಸಣ್ಣ ತೆಳು ದನಿಗಳು ಮೊದಲು ಹೋಗುತ್ತವೆ ಎಂದರು. ತೆಳು ದನಿ ಎಂದರೆ ಹಕ್ಕಿಯದ್ದೇ ಅಲ್ಲವೇ. ಆವತ್ತಿನಿಂದ ಅವಳು ಕೈ ಮುಗಿದಾಗಲೆಲ್ಲ ಆಯುಸ್ಸು ಕೇಳಲಿಲ್ಲ, ಕಿವಿಯನ್ನೂ ಕೇಳಲಿಲ್ಲ. ಕಿವಿ ಪೂರ್ತಿ ಮುಚ್ಚುವ ಮೊದಲು ಯಜಮಾನಿ ಒಂದು ಸಲ ಬಂದು ಹಾಡಲಿ ಎಂದಷ್ಟೇ ಕೇಳಿದಳು.

ಬಂದದ್ದು ಮಾತ್ರ ಕಾಡುಹಂದಿ.

ಬೇಲಿಯಾಚೆಯದು ಹೂವಿನವನ ಹೊಲ. ಅವನು ಬೆಳೆಯುತ್ತಿದ್ದದ್ದು ಗೆಡ್ಡೆಯಿಂದ ಬರುವ ಹೂವು. ಹಂದಿಗಳಿಗೆ ಹೂವು ಬೇಡ, ಗೆಡ್ಡೆ ಬೇಕು. ಹಗಲೆಲ್ಲ ತಗ್ಗಿನ ಪೊದೆಯಲ್ಲಿ ಮಲಗಿ ಕತ್ತಲಾದ ಮೇಲೆ ಅವನ ಸಾಲುಗಳನ್ನು ಮೂತಿಯಿಂದ ಉಳುತ್ತಿದ್ದವು. ಅವನು ಡಬ್ಬ ಕಟ್ಟಿದ, ದೀಪ ಕಟ್ಟಿದ, ಹಳೆ ಅಂಗಿಗೆ ಹುಲ್ಲು ತುಂಬಿಸಿ ನಿಲ್ಲಿಸಿದ. ಹಂದಿಗಳು ಆ ಅಂಗಿಗೇ ಮೈ ಉಜ್ಜಿಕೊಂಡು ಹೋದವು. ಕೊನೆಗೆ ಅವನು ಇವರ ಮನೆಗೆ ಬಂದು, ಹೊಲಿಗೆಗೆ ಬಂದವರು ಕೂರುವ ಬೆಂಚಿನ ತುದಿಯಲ್ಲಿ ಕೂತ.

"ಅಕ್ಕ, ನಿಮ್ಮ ಪೊದೆ ಅವುಗಳಿಗೆ ಛತ್ರ ಆಗಿದೆ, ನನ್ನ ಹೊಲ ಊಟದ ಮನೆ. ಮುಂದಿನ ಸಲ ನೆಡೋಕಾದರೂ ಗೆಡ್ಡೆ ಉಳೀಬೇಡ್ವಾ?"

ಪೊದೆ ಕಡಿಸಿ, ಇಲ್ಲದಿದ್ದರೆ ನಾನು ಬಂದೂಕಿನವರನ್ನು ಕರೆಸಬೇಕಾಗುತ್ತೆ, ಅವರು ನಾಯಿಗಳನ್ನು ನುಗ್ಗಿಸ್ತಾರೆ ಎಂದೂ ಹೇಳಿದ. ಹೇಳುವಾಗ ಅವನ ಮುಖ ಸಪ್ಪೆಯಾಗಿತ್ತು. ಜಗಳಕ್ಕೆ ಬಂದ ಮನುಷ್ಯನಲ್ಲ. ಅತ್ತಿಗೆ, ಇನ್ನೊಂದು ಚಿಗುರುಗಾಲ ಕಳೆಯಲಿ ಎಂದು ಬೇಡಿಕೊಂಡಳು. ನಾದಿನಿ ಸೂಜಿಗೆ ದಾರ ಪೋಣಿಸುತ್ತಾ, ಬರದ ಹಕ್ಕಿಗೆ ಗೂಡು, ಬಂದ ಹಂದಿಗೆ ಬೀಡು, ಚೆನ್ನಾಗಿದೆ ನಿನ್ನ ಧರ್ಮ ಎಂದಳು. ಹೂವಿನವನು ನಗಲಿಲ್ಲ. ಒಂದು ಸಲ ಒಳಗೆ ಹೋಗಿ ನೋಡಿ, ಆಮೇಲೆ ನೀವು ಹೇಳಿದ ಹಾಗೆ ಎಂದ.

ಮರುದಿನ ಹೊತ್ತೇರಿದ ಮೇಲೆ ಅವನು ಡಬ್ಬ ಬಡಿಯುತ್ತಾ ಪೊದೆಯನ್ನು ಒಂದು ಸುತ್ತು ಹಾಕಿದ. ಹಂದಿಗಳು ಗುಟುರು ಹಾಕಿ ಇಳಿಜಾರಿನತ್ತ ಓಡಿದವು. ಅತ್ತಿಗೆ ಸೆರಗು ಬಿಗಿದು ತಲೆ ತಗ್ಗಿಸಿ ಒಳಗೆ ನುಸುಳಿದಳು. ಗಂಡ ಹೋದ ಮೇಲೆ ಅವಳು ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು.

ಹೊರಗಿನಿಂದ ಹಸಿರು ಮೋಡದಂತೆ ಕಾಣುತ್ತಿದ್ದ ಪೊದೆ ಒಳಗೆ ಟೊಳ್ಳಾಗಿತ್ತು. ತೋಳಿನಷ್ಟು ದಪ್ಪವಾದ ಕೊಂಬೆಗಳು ಬೆಳಕು ಹುಡುಕುತ್ತಾ ಮೇಲೆ ಹೋಗಿ ಕೊಡೆ ಬಿಚ್ಚಿದ್ದವು. ಕೆಳಗೆ ಒಂದೆಲೆ ಇಲ್ಲ. ಕತ್ತಲು, ಕೆಸರು, ಹಂದಿಗಳ ನಾತ. ಪುಟ್ಟ ಹಕ್ಕಿ ಅಡಗಿ ಕೂರುವ ಎತ್ತರದಲ್ಲಿ ಒಂದು ಕಡ್ಡಿಯೂ ಇರಲಿಲ್ಲ.

ಆಯ ತಪ್ಪಿ ಒಂದು ಬುಡ ಹಿಡಿದುಕೊಂಡಳು. ಕೈಗೆ ಕತ್ತಿಯಿಂದ ಓರೆಯಾಗಿ ಕಡಿದ ಗುರುತು ಸಿಕ್ಕಿತು. ಪಕ್ಕದ ಬುಡದಲ್ಲೂ ಇತ್ತು, ಇನ್ನೂ ಹಳೆಯದು. ಅದರಾಚೆಯದರಲ್ಲಿ ಅದಕ್ಕಿಂತ ಹಳೆಯದು. ಆಗ ನೆನಪಾಯಿತು. ಪ್ರತಿ ಚಳಿಗಾಲ ಗಂಡ ಈ ಪೊದೆಯ ಒಂದೊಂದು ಪಾಲನ್ನು ಬುಡಕ್ಕೆ ಕಡಿಯುತ್ತಿದ್ದ. ಆ ಕಟ್ಟುಗಳನ್ನು ಅವಳೇ ತಲೆಯ ಮೇಲೆ ಹೊತ್ತಿದ್ದಳು. ಸೌದೆಗೆಂದು ಕಡಿಯುತ್ತಾನೆ, ಹಕ್ಕಿ ಹೇಗೋ ಸಹಿಸಿಕೊಂಡಿದೆ ಎಂದುಕೊಂಡಿದ್ದಳು. ಅವನು ಕಡಿದ ಕಡೆಯೆಲ್ಲ ಹೊಸ ಚಿಗುರು ಒತ್ತಾಗಿ ಎದ್ದು, ಯಾವಾಗಲೂ ಒಂದು ಪಾಲಾದರೂ ಎಳೆಯದಾಗಿ, ಹಕ್ಕಿಗೆ ಮನೆಯಾಗಿರುತ್ತಿತ್ತು. ಕಡಿಯದೆ ಕಾಪಾಡಿ ಅದನ್ನು ಓಡಿಸಿದವಳು ತಾನೇ.

ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು. ಹೊರಗೆ ಹೂವಿನವನು ಅಕ್ಕಾ, ಅಕ್ಕಾ ಎಂದು ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಅವನು ಗಾಬರಿಯಿಂದ ಒಳಗೆ ಬಗ್ಗಿ ನೋಡಿದಾಗ, ಕಡಿಸೋಣ ಎಂದಳು.

ಆ ಚಳಿಗಾಲ ಅರ್ಧ ಪೊದೆ ನೆಲಸಮವಾಯಿತು. ಉಳಿದದ್ದು ಮುಂದಿನ ಚಳಿಗೆ ಎಂದಾಯಿತು. ತಗ್ಗಿಗೆ ಬಿಸಿಲು ಬಿತ್ತು, ಹಂದಿಗಳು ಬೇರೆ ಛತ್ರ ಹುಡುಕಿಕೊಂಡು ಹೋದವು. ಚಿಗುರನ್ನು ಜಿಂಕೆಗಳು ಮೇಯದಿರಲೆಂದು ಹೂವಿನವನೇ ಮುಳ್ಳುಕೊಂಬೆಗಳನ್ನು ಹೆಣೆದು ಸುತ್ತ ತಡೆ ಕಟ್ಟಿದ. ಹಕ್ಕಿ ಅಡಗುವಷ್ಟು ಒತ್ತಾಗಲು ಎಷ್ಟು ಕಾಲ ಬೇಕು ಎಂದು ನಾದಿನಿ ಕೇಳಿದಳು. ಕೆಲವು ಬೇಸಿಗೆಗಳಾದರೂ ಬೇಕು ಎಂದಳು ಅತ್ತಿಗೆ.

"ಅಷ್ಟರಲ್ಲಿ ನಿನ್ನ ಕಿವಿ..."

"ಗೊತ್ತು ಕಣೇ."

ಬುಡಗಳಲ್ಲಿ ಕೆಂಪು ಚಿಗುರು ಕಣ್ಣು ಬಿಟ್ಟ ದಿನ ಅತ್ತಿಗೆ ಕಾಡಿನಿಂದ ಬಂದವಳೇ ಕುರ್ಚಿ ಎಳೆದುಕೊಂಡು ನಾದಿನಿಯ ಎದುರು ಕೂತಳು. ಹಕ್ಕಿ ಬಂದಾಗ ನನಗೆ ಹೇಳೋರು ಯಾರು, ನೀನು ಅದರ ಹಾಡು ಕಲಿತುಕೋ ಎಂದಳು. ನಾದಿನಿ ಹೊಲಿಯುತ್ತಿದ್ದ ರವಿಕೆಯ ತೋಳನ್ನು ಕೆಳಗಿಟ್ಟಳು. ಅಣ್ಣ ಬದುಕಿದ್ದಾಗ, ಬೆಳಿಗ್ಗೆ ಹಕ್ಕಿ ಹಾಡುವ ಹೊತ್ತಿಗೆ ಅವಳು ಮುಸುಕು ಹೊದ್ದು ಮಲಗಿರುತ್ತಿದ್ದಳು. ಒಂದು ದಿನವೂ ಅದನ್ನು ಕೇಳಿದವಳಲ್ಲ.

ಅತ್ತಿಗೆ ಶಿಳ್ಳೆ ಹಾಕಿ ತೋರಿಸಿದಳು. ಮೊದಲು ದೂರದವರನ್ನು ಕರೆದಂತೆ ಉದ್ದಕ್ಕೆ, ಮತ್ತೆ ಮತ್ತೆ. ಆಮೇಲೆ ಒಂದು ನಿಲುಗಡೆ. ಆಮೇಲೆ ಮಣಿಸರ ಹರಿದಂತೆ. ಆ ಕೊನೆಯ ಭಾಗ ಅವಳಿಗೇ ಕೇಳುತ್ತಿರಲಿಲ್ಲ, ತುಟಿಗೆ ನೆನಪಿತ್ತು.

ನಾದಿನಿ ಊದಿದಳು. ಬಸ್ಸಿನ ಚಕ್ರದ ಗಾಳಿ ಹೋದಂತಾಯಿತು.

"ಹಕ್ಕಿ ಬಂದರೂ ನಿನ್ನ ದನಿ ಕೇಳಿ ವಾಪಸ್ಸು ಹೋಗುತ್ತೆ," ಎಂದು ಅತ್ತಿಗೆ ನಕ್ಕು, ಬೆರಳನ್ನು ಅವಳ ತುಟಿಯ ಮುಂದೆ ಹಿಡಿದಳು. ಕಿವಿಗೆ ಸಿಗದ್ದನ್ನು ಬೆರಳಿಗೆ ತಾಕುವ ಉಸಿರಿನಿಂದ ತಿದ್ದತೊಡಗಿದಳು. "ಅವಸರ ಬೇಡ. ಇಲ್ಲಿ ನಿಲ್ಲಿಸು. ಅದು ಇಲ್ಲಿ ಸ್ವಲ್ಪ ಕಾಯುತ್ತೆ."

"ಯಾರಿಗೆ?"

ಅತ್ತಿಗೆಗೆ ಆ ಮಾತು ಕೇಳಿಸಿತೋ ಇಲ್ಲವೋ. ಇನ್ನೊಂದು ಸಲ ಎಂಬಂತೆ ಬೆರಳು ಆಡಿಸಿದಳು. ಬಟ್ಟೆ ಕೊಡಲು ಬಂದವಳೊಬ್ಬಳು, ತಲೆ ನರೆತ ಇಬ್ಬರು ಹೆಂಗಸರು ಮುಖಕ್ಕೆ ಮುಖ ಕೊಟ್ಟು ಶಿಳ್ಳೆ ಹಾಕುವುದನ್ನು ನೋಡಿ, ಗಂಟನ್ನು ಎದೆಗವಚಿಕೊಂಡು ಹೊಸ್ತಿಲಾಚೆಯೇ ನಿಂತಳು.