ಒಕ್ಕಣ್ಣಿನ ಕೋಣೆ

ಪೇಂಟ್ ಫ್ಯಾಕ್ಟರಿಯಲ್ಲಿ ಬಿಳಿಗೆ ಇರುವಷ್ಟು ಮಡಿವಂತಿಕೆ ಬೇರೆ ಯಾವ ಬಣ್ಣಕ್ಕೂ ಇಲ್ಲ. ಕೆಂಪು ಚೂರು ಹೆಚ್ಚು ಕೆಂಪಾದರೆ ಕೊಂಡವನು ಖುಷಿಪಡುತ್ತಾನೆ. ಹಸಿರು ಸ್ವಲ್ಪ ಪೇಲವವಾದರೆ ಗಿಡಕ್ಕೆ ನೀರು ಸಾಲದಾಯಿತೇನೋ ಎಂದುಕೊಂಡು ಸುಮ್ಮನಾಗುತ್ತಾನೆ. ಬಿಳಿಯ ಮೇಲೆ ಮಾತ್ರ ಬೇರೆ ಬಣ್ಣದ ನೆರಳು ಬಿದ್ದರೂ ಮಾನ ಹೋದಂತೆ.

ಆ ಮಾನ ಕಾಯಲೆಂದೇ ಅಲ್ಲೊಂದು ಕೋಣೆಯಿತ್ತು. ಕಿಟಕಿಯಿಲ್ಲ. ಗೋಡೆಗೆಲ್ಲ ಬೂದಿ ಬಣ್ಣ. ಮೂಲೆಯಲ್ಲಿ ಮುಂಭಾಗ ತೆರೆದ ದೊಡ್ಡ ಪೆಟ್ಟಿಗೆ, ಅದರೊಳಗೆ ಟ್ಯೂಬ್‌ಲೈಟು. ಹೊಸದಾಗಿ ಕಲಸಿದ ಬಿಳಿಯನ್ನು ಒಂದು ತಗಡಿಗೆ ಬಳಿದು, ಒಣಗಿಸಿ, ಹಿಂದಿನ ಸಲ ಪಾಸಾದ ತಗಡಿನ ಪಕ್ಕ ಆ ಬೆಳಕಿನಲ್ಲಿ ಇಡುತ್ತಿದ್ದರು. ಎರಡೂ ಒಂದೇ ಥರ ಕಂಡರೆ ಹೊಸದು ಪಾಸು, ಮುಂದಿನದಕ್ಕೆ ಅದೇ ಮಾದರಿ. ಹಳೆಯದು ಕೈ ತಾಗಿ ಕೊಳೆಯಾಗುತ್ತದೆಂದು ಗುಜರಿಗೆ ಹೋಗುತ್ತಿತ್ತು.

ನೋಡುವವರು ಐದು ಜನ. ಹೇಳುವುದು ಹಿರಿತನದ ಪ್ರಕಾರ, ಗಟ್ಟಿಯಾಗಿ. ಮೊದಲು ಮಾವ. ಆಮೇಲೆ ಬಣ್ಣ ಕಲಸುವ ಮೆಷಿನ್ ನೋಡಿಕೊಳ್ಳುವ ಮಿಕ್ಸರ್ ಅಣ್ಣ. ಆಮೇಲೆ ದಪ್ಪ ಗಾಜಿನ ಕನ್ನಡಕದ ಅಕ್ಕ. ಆಮೇಲೆ ಹೌದಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಆತ ಎಲ್ಲದಕ್ಕೂ ‘ಹೌದಪ್ಪ’ ಎನ್ನುತ್ತಿದ್ದುದರಿಂದ ಆ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು. ಕೊನೆಗೆ ಸೊಸೆ. ಮಾವ ಅವಳ ತಾಯಿಯ ತಮ್ಮ, ಅವಳಿಗೆ ಕೆಲಸ ಕಲಿಸಿದವರು. ಅವಳು ಮಾವ ಎಂದು ಕರೆಯುವುದನ್ನು ಕೇಳಿ ಕೇಳಿ ಇಡೀ ಫ್ಯಾಕ್ಟರಿಗೇ ಅವರು ಮಾವನಾಗಿದ್ದರು, ಇವಳು ಎಲ್ಲರಿಗೂ ಸೊಸೆಯಾಗಿದ್ದಳು.

ಹೆರಿಗೆ ರಜೆ ಮುಗಿಸಿ ಸೊಸೆ ವಾಪಸ್ಸು ಬಂದ ದಿನ, ಕೋಣೆಯ ಬಾಗಿಲು ತೆಗೆದವಳೇ ಕಣ್ಣಿಗೆ ಕೈ ಅಡ್ಡ ಹಿಡಿದಳು. ಪೆಟ್ಟಿಗೆಯೊಳಗೆ ಟ್ಯೂಬ್‌ಲೈಟುಗಳು ಮರಿ ಹಾಕಿದ್ದವು.

“ಇದೇನ್ರೀ ಇದು, ಸಿನಿಮಾ ಶೂಟಿಂಗಾ?”

“ಬೆಳಕು ಮಂಕಾಗಿದೆ ಅಂದ್ರು ಮಾವ,” ಎಂದ ಹೌದಪ್ಪ, ಕಣ್ಣಲ್ಲಿ ನೀರು ಸುರಿಸುತ್ತ. “ನೋಡಿದ್ರೆ ನಮಗೂ ಮಂಕು ಅನ್ನಿಸ್ತು.”

“ಮಗು ಬಿಟ್ಟು ಬಂದವಳಿಗೆ ಕಣ್ಣು ಕುಕ್ಕುತ್ತೆ, ಪಾಪ,” ಎಂದಳು ಕನ್ನಡಕದ ಅಕ್ಕ, ತಾನೂ ಕಣ್ಣು ಕಿರಿದು ಮಾಡಿಕೊಂಡು.

ತಗಡುಗಳು ಬಂದವು. ಸೊಸೆ ಇಣುಕಿ ನೋಡಿದಳು. ಮಾದರಿಯ ತಗಡೇ ಹಳದಿಗೆ ತಿರುಗಿತ್ತು. ಅದರ ಪಕ್ಕದ ಹೊಸದು ಇನ್ನೂ ಒಂದು ಕೈ ಮೇಲೆ, ಬಿಸಿಲಲ್ಲಿ ಮರೆತ ಪೇಪರಿನ ಹಾಗೆ. ಯಾರೋ ತಮಾಷೆಗೆ ತಪ್ಪು ತಗಡು ಇಟ್ಟಿದ್ದಾರೆಂದು ಅವಳು ನಗಲು ಬಾಯಿ ತೆರೆದಳು.

“ಮ್ಯಾಚು,” ಎಂದರು ಮಾವ.

“ಮ್ಯಾಚು,” ಎಂದ ಮಿಕ್ಸರ್ ಅಣ್ಣ.

“ಮ್ಯಾಚೇ,” ಎಂದಳು ಅಕ್ಕ.

“ಹೌದಪ್ಪ,” ಎಂದ ಹೌದಪ್ಪ.

ಸೊಸೆಯ ಬಾಯಿ ತೆರೆದದ್ದು ತೆರೆದೇ ಇತ್ತು. ಅಷ್ಟರಲ್ಲಿ ಅದಾಯಿತು. ಒಬ್ಬೊಬ್ಬರು ‘ಮ್ಯಾಚು’ ಎಂದ ಹಾಗೆಲ್ಲ ತಗಡಿನ ಮೇಲಿನ ಹಳದಿ ಒಂದೊಂದು ಹೆಜ್ಜೆ ಹಿಂದೆ ಸರಿಯಿತು. ಹೌದಪ್ಪನ ಸರದಿ ಮುಗಿಯುವ ಹೊತ್ತಿಗೆ ಅವಳ ಕಣ್ಣ ಮುಂದೆ ಬಿಳಿಯ ತಗಡುಗಳು ಎರಡು, ಅವಳಿಜವಳಿಯ ಹಾಗೆ ನಿಂತಿದ್ದವು. ಹೆದರಿ ಸುಳ್ಳು ಹೇಳಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಹೊಟ್ಟೆಪಾಡಿಗೆ ಸುಳ್ಳು ಹೇಳದವರು ಯಾರಿದ್ದಾರೆ? ಆದರೆ ಅವಳು ಹೇಳಿದ್ದು ಕಂಡದ್ದನ್ನೇ.

“ಮ್ಯಾಚು.”

ತಗಡನ್ನು ಸ್ಟೋರಿಗೆ ಒಯ್ಯುವಾಗ ಅಂಗಳದ ಬಿಸಿಲು ಅದರ ಮೇಲೆ ಬಿತ್ತು. ಮತ್ತೆ ಹಳದಿ! ಸೊಸೆ ಅಲ್ಲೇ ನಿಂತಳು. ಕೈಯಲ್ಲಿದ್ದದ್ದು ಅದೇ ತಗಡು, ಮುಖದ ಮೇಲಿದ್ದದ್ದು ಅವೇ ಕಣ್ಣು. ಹಾಗಾದರೆ ಈಗಷ್ಟೇ ಒಳಗೆ ನೋಡಿದ್ದು ಯಾರ ಕಣ್ಣಿನಿಂದ? ಹೊಟ್ಟೆಯಲ್ಲಿದ್ದಾಗ ಮಗು ಮೊದಲ ಸಲ ಒದ್ದಾಗ ಆದಂಥದೇ ಒಂದು ಬೆರಗು ಅವಳ ಮೈಯಲ್ಲಿ ಹಾದುಹೋಯಿತು: ತನ್ನೊಳಗೆ ತನ್ನದಲ್ಲದ್ದೊಂದು ಮಿಸುಕಾಡುತ್ತಿದೆ ಎಂಬ ಬೆರಗು.

ಭಾನುವಾರ ಮಗುವನ್ನು ಎತ್ತಿಕೊಂಡು ಮಾವನ ಮನೆಗೆ ಹೋದಳು. ಮಾವ ಲೋಟಕ್ಕೆ ನೀರು ಬಗ್ಗಿಸಿದರು. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಮೇಜಿಗೆ. ಅವರು ಬೈದದ್ದು ಲೋಟವನ್ನು. ಅತ್ತೆ ಮಾತಾಡದೆ ಬಟ್ಟೆ ತಂದು ಒರೆಸಿದರು. ಬಟ್ಟೆ ಆಗಲೇ ಒದ್ದೆಯಾಗಿತ್ತು.

ಮಗುವಿಗೆ ಇಂಜೆಕ್ಷನ್ ಹಾಕಿಸಲು ಹೋದಾಗ, ಸೊಸೆ ಅದೇ ಆಸ್ಪತ್ರೆಯ ಕಣ್ಣಿನ ಡಾಕ್ಟರನ್ನೂ ಕಂಡು ಎಲ್ಲ ಹೇಳಿದಳು. “ಪೊರೆ ಬಂದಿರೋ ಹಾಗಿದೆ,” ಎಂದರು ಆಕೆ. “ಈಗ ತೆಗೆಯೋದು ಸುಲಭ. ಬಲಿತು ಬಿಟ್ಟು ಒಳಗೆ ಒತ್ತಡ ಏರಿದ್ರೆ, ಆಮೇಲೆ ಆಪರೇಷನ್ ಮಾಡಿದ್ರೂ ದೃಷ್ಟಿ ಬರುತ್ತೆ ಅಂತ ಹೇಳಕ್ಕಾಗಲ್ಲ. ಬೇಗ ಕರ್ಕೊಂಡು ಬನ್ನಿ.”

ಮತ್ತೆ ಮನೆಗೆ ಹೋಗಿ ಹೇಳಿದಾಗ ಮಾವ ನಕ್ಕೇಬಿಟ್ಟರು.

“ನನ್ನ ಕಣ್ಣಿಗೆ ಪೊರೆನಾ? ಲೇ ಹುಚ್ಚಿ, ನನ್ನ ಕಣ್ಣು ಕೆಟ್ಟಿದ್ರೆ ಆ ರೂಮಲ್ಲಿ ಒಬ್ಬರಾದ್ರೂ ಇಲ್ಲ ಅನ್ನಬೇಕಿತ್ತಲ್ಲ? ನಾನು ಮ್ಯಾಚು ಅಂದಿದ್ದಕ್ಕೆ ಇವತ್ತಿನವರೆಗೂ ಯಾರಾದ್ರೂ ಇಲ್ಲ ಅಂದಿದ್ದಾರಾ? ನೀನು ಅಂದಿದ್ದೀಯಾ?”

ಸೊಸೆ ತಲೆ ತಗ್ಗಿಸಿದಳು.

“ಮತ್ತೆ? ಅಷ್ಟೂ ಜನರ ಕಣ್ಣಿಗೂ ಒಟ್ಟಿಗೆ ಪೊರೆ ಬಂತಾ?”

“ಬಂದಿದೆ ಮಾವ.”

“ಹೋಗೇ, ಮಗೂಗೆ ಹಸಿವಾಗಿರುತ್ತೆ.”

ಬಾಗಿಲ ತನಕ ಬಂದ ಅತ್ತೆ ಮೆಲ್ಲಗೆ ಹೇಳಿದರು: “ನಾನು ಹೇಳಿ ಹೇಳಿ ಸಾಕಾಯ್ತು ಕಣೆ. ಮನೇಲಿ ನಾನೊಬ್ಬಳು. ಅಲ್ಲಿ ನೀವೆಲ್ಲ ಹೌದು ಅಂತೀರಂತೆ. ಅವರು ಯಾರ ಮಾತು ನಂಬ್ತಾರೆ ಹೇಳು?”

ದಾರಿಯುದ್ದಕ್ಕೂ ಆ ಮಾತು ಸೊಸೆಯನ್ನು ಬಿಡಲಿಲ್ಲ. ಮಾವನಿಗೆ ನೋವಾಗಬಾರದೆಂದು ಒಬ್ಬರು, ರೂಢಿಯಿಂದ ಒಬ್ಬರು, ಅವರಿಗೆ ಕಂಡದ್ದು ತಮಗೆ ಕಾಣದಿದ್ದರೆ ತಪ್ಪು ತಮ್ಮದೇ ಎಂದು ಒಬ್ಬರು, ಎಲ್ಲರೂ ಒಕ್ಕೊರಲಿನಿಂದ, ಅಲ್ಲ, ಒಕ್ಕಣ್ಣಿನಿಂದ ಮ್ಯಾಚು ಮ್ಯಾಚು ಎನ್ನುತ್ತ ಬಂದಿದ್ದರು. ಮಾವನ ಕಣ್ಣಿನ ಪೊರೆಯನ್ನು ಆ ಕೋಣೆಯೇ ಹಾಲೂಡಿಸಿ ಪೊರೆದಿತ್ತು. ಇನ್ನಷ್ಟು ದಿನ ಹೀಗೇ ಪ್ರೀತಿ ತೋರಿಸಿದರೆ ಮಾವ ಕುರುಡಾಗುತ್ತಾರೆ.

ಆದರೆ ಹೇಗೆ ಹೇಳುವುದು? ತನ್ನ ಸರದಿ ಬರುವ ಹೊತ್ತಿಗೆ ಹೇಳಬೇಕಾದದ್ದೇ ಕಣ್ಣಿನಿಂದ ಮಾಯವಾಗುತ್ತದೆ. ಮರುದಿನ ಕಣ್ಣು ಅಗಲಿಸಿಕೊಂಡು ನಿಂತು ನೋಡಿದಳು, ಮಾಯವಾಯಿತು. ಅದರ ಮರುದಿನ ಅಂಗೈಗೆ ಉಗುರು ಒತ್ತಿಕೊಂಡು ನಿಂತಳು, ಆಗಲೂ ಮಾಯವಾಯಿತು. ನಾಲ್ಕು ಬಾಯಲ್ಲಿ ಬಂದ ಒಂದು ಮಾತಿಗೆ ಇಷ್ಟು ಶಕ್ತಿಯೇ? ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಕೈ ಮುಗಿಯಬೇಕೆನ್ನಿಸಿತು, ದೊಡ್ಡ ಮಳೆಗೆ, ಗುಡುಗಿಗೆ ಮುಗಿಯಬೇಕೆನ್ನಿಸುವ ಹಾಗೆ.

ಕೊನೆಗೆ ಒಂದು ಬೆಳಗ್ಗೆ ತಗಡುಗಳು ಪೆಟ್ಟಿಗೆಯೊಳಗೆ ಹೋದವು. ಮಾವ ಕೊರಳು ಚಾಚಿ ನೋಡಿ, ಗಂಟಲು ಸರಿಮಾಡಿಕೊಂಡರು. ಅವರ ತುಟಿ ಇನ್ನೂ ಕೂಡಿಕೊಂಡೇ ಇತ್ತು.

“ಹಳದಿ,” ಎಂದಳು ಸೊಸೆ.

ಕೋಣೆಯಲ್ಲಿ ಟ್ಯೂಬ್‌ಲೈಟಿನ ಗುಯ್‌ಗುಡುವಿಕೆ ಮೊದಲ ಸಲ ಕೇಳಿಸಿತು. ಸರದಿ ತಪ್ಪಿಸಿ ಅಲ್ಲಿ ಯಾರೂ ಕೆಮ್ಮಿದ್ದೂ ಇರಲಿಲ್ಲ.

“ಹೌದಪ್ಪ,” ಎಂಬ ದನಿ ಬಂತು.

ಎಲ್ಲರೂ ತಿರುಗಿದರು. ಹೌದಪ್ಪ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಿದ್ದ. ಪಾಪ, ಅವನು ಬಂಡಾಯ ಎದ್ದವನಲ್ಲ. ಮೊದಲು ಯಾರು ಮಾತಾಡಿದರೋ ಅವರಿಗೆ ಹೌದು ಎಂದಿದ್ದ, ಅಷ್ಟೆ. ಆದರೆ ಅಂದ ಮೇಲೆ ತಗಡಿನ ಕಡೆ ನೋಡಿದ. ನೋಡಿ ಕೈ ಇಳಿಸಿದ.

“ಅಯ್ಯೋ, ಹೌದಲ್ರೀ! ಹಳದಿ ಇದೆ!”

“ನನಗೆ ಮೊದಲಿಂದಲೂ ಅನುಮಾನ,” ಎಂದಳು ಅಕ್ಕ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ. “ನನ್ನ ಗಾಜಿಗೇ ಕೊಳೆ ಅಂತ ದಿನಾ ಒರೆಸ್ತಿದ್ದೆ.”

ಮಿಕ್ಸರ್ ಅಣ್ಣ ನೆಲ ನೋಡುತ್ತ ಹೇಳಿದ: “ನನಗೂ ಕಾಣ್ತಿತ್ತು. ಆಮೇಲೆ ಕಾಣ್ತಿರಲಿಲ್ಲ.”

ಬೆಳಕು ಅದೇ, ತಗಡು ಅದೇ. ಒಂದೇ ಒಂದು ಪದದಿಂದ ಎಲ್ಲರ ಕಣ್ಣೂ ಮನೆಗೆ ಮರಳಿದ್ದವು. ಈಗ ಆ ಕೋಣೆಯಲ್ಲಿ ಒಂಟಿಯಾಗಿ ನಿಂತವರು ಮಾವ ಒಬ್ಬರೇ.

ಅವರು ಮತ್ತೆ ಬಗ್ಗಿದರು. ಮೂಗು ತಗಡಿಗೆ ತಾಗುವಷ್ಟು ಬಗ್ಗಿ, ಬಹಳ ಹೊತ್ತು ನೋಡಿ, ಸೊಂಟ ಹಿಡಿದುಕೊಂಡು ಎದ್ದರು. ಎಲ್ಲರ ಮುಖದ ಕಡೆ ಒಂದು ಸಲ ಕಣ್ಣಾಡಿಸಿದರು.

“ಹೌದು,” ಎಂದರು. “ಹಳದಿನೇ. ನಾನೂ ಅದನ್ನೇ ಹೇಳೋನಿದ್ದೆ.”

ಎಲ್ಲರಿಗೂ ಉಸಿರು ಬಂತು. ಮಿಕ್ಸರ್ ಅಣ್ಣ “ಮಾವನ ಕಣ್ಣು ಅಂದ್ರೆ ಸುಮ್ನೇನಾ” ಎಂದೂ ಶುರುಮಾಡಿದ. ಸೊಸೆಗೆ ಮಾತ್ರ ಸಮಾಧಾನವಾಗಲಿಲ್ಲ. ಯಾರ ಮಾತಿಗೂ ಬಗ್ಗದ ಮಾವ ಬಗ್ಗಿಬಿಟ್ಟಿದ್ದರು. ಇಷ್ಟು ದಿನ ತಮ್ಮೆಲ್ಲರ ಕಣ್ಣು ಹೊತ್ತೊಯ್ದ ಅದೇ ಗಾಳಿ ಈಗ ಅವರನ್ನೂ ಎತ್ತಿಕೊಂಡಿತ್ತು. ಇಲ್ಲಿಗೆ ಬಿಟ್ಟರೆ ನಾಳೆಯಿಂದ ಮಾವ ಹಳದಿ ಎನ್ನುತ್ತಾರೆ, ಆಸ್ಪತ್ರೆಗೆ ಮಾತ್ರ ಹೋಗುವುದಿಲ್ಲ.

ಅವಳು ಎರಡೂ ತಗಡು ತೆಗೆದು, ಬೆನ್ನ ಹಿಂದೆ ಅದಲು ಬದಲು ಮಾಡಿ, ಮತ್ತೆ ಇಟ್ಟಳು.

“ಎರಡರಲ್ಲಿ ಯಾವುದು ಹೆಚ್ಚು ಹಳದಿ ಮಾವ? ಎಡಗಡೆದಾ, ಬಲಗಡೆದಾ?” ಆಮೇಲೆ ಉಳಿದವರಿಗೆ: “ಯಾರೂ ಬಾಯಿ ಬಿಡಬೇಡಿ. ಹೌದಪ್ಪಣ್ಣ, ನೀನಂತೂ ಮೂಗಲ್ಲೂ ಹೂಂ ಅನ್ನಬೇಡ.”

ಮಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ತಗಡು ಬಿಟ್ಟು ಮಿಕ್ಸರ್ ಅಣ್ಣನ ಮುಖ ನೋಡಿದರು. ಅವನು ಮುಖ ತಿರುಗಿಸಿಕೊಂಡ. ಅಕ್ಕನನ್ನು ನೋಡಿದರು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು, ಕನ್ನಡಕದ ಹಿಂದಿನಿಂದ ನೀರು ಇಳಿಯುತ್ತಿತ್ತು. ಹಿಡಿದುಕೊಳ್ಳಲು ಯಾರ ಕಣ್ಣೂ ಸಿಗದೆ ಮಾವನ ಕೈ ಪೆಟ್ಟಿಗೆಯ ಅಂಚು ಹುಡುಕಿತು.

“ಗೊತ್ತಾಗ್ತಿಲ್ಲ ಕಣೇ,” ಎಂದರು. “ಎರಡೂ ಒಂದೇ ಥರ ಇದೆ. ಎಷ್ಟು ದಿನದಿಂದಲೋ, ಎಲ್ಲಾನೂ ಒಂದೇ ಥರ.”

ಆ ಕೋಣೆಯಲ್ಲಿ ಬೇರೆ ಯಾರ ಮಾತನ್ನೂ ಬೆರೆಸದೆ ಹೇಳಿದ ಮಾತು ಅದು. ಅದಕ್ಕೆ ‘ಮ್ಯಾಚು’ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸೊಸೆ ಹೋಗಿ ಕೈ ಹಿಡಿದುಕೊಂಡಳು.

“ಡಾಕ್ಟರ ಹತ್ರ ಹೋಗೋಣ ಮಾವ.”

“ಲೋಟದ್ದು ತಪ್ಪಿರಲಿಲ್ಲ ಅಂತಾಯ್ತು,” ಎಂದರು ಮಾವ.

ಒತ್ತಡ ಏರಿರಲಿಲ್ಲ, ಆಪರೇಷನ್ ಚೆನ್ನಾಗಿ ಆಯಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಕಟ್ಟು ಬಿಚ್ಚಿದ ದಿನ ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮೋಡ ನೋಡುತ್ತ, “ಇಷ್ಟೊಂದು ಬಿಳಿ ಎಲ್ಲಿ ಬಚ್ಚಿಟ್ಟಿದ್ರಿ?” ಎಂದು ಅತ್ತೆಯನ್ನು ಜಗಳಕ್ಕೆ ಕರೆದರು.

ಫ್ಯಾಕ್ಟರಿಯಲ್ಲೂ ಬಿಳಿ ದಾರಿಗೆ ಬಂದಿತ್ತು. ಮೇನ್ ಆಫೀಸಿನಿಂದ ಅಸಲು ಮಾದರಿ ತರಿಸಿದ್ದರು, ಹೆಚ್ಚಿನ ಟ್ಯೂಬ್‌ಲೈಟು ಕಳಚಿದ್ದರು. ಮಾವ ಕೆಲಸಕ್ಕೆ ಮರಳಿದ ದಿನ ಅಸಲು ಮಾದರಿಯ ಪಕ್ಕ ಹೊಸ ತಗಡು ಇಟ್ಟು, ಯಾರೂ ಹೇಳದೆಯೇ ಎಲ್ಲರೂ ಹಳೆಯ ಸಾಲಿನಲ್ಲೇ ನಿಂತರು. ಬೇಡಬೇಡವೆಂದರೂ ಕಾಲು ಅಲ್ಲಿಗೇ ಹೋದವು. ಮಾವ ಬಗ್ಗಿ ನೋಡಿದರು.

“ನೀಲಿ ಹೊಡೀತಿದೆ,” ಎಂದರು. “ಎರಡೂ.”



“ಹೂಂ… ಚೂರು ನೀಲಿ ಇದೆ,” ಎಂದ ಮಿಕ್ಸರ್ ಅಣ್ಣ.

“ಅಂಚಲ್ಲಿ ಅಲ್ವಾ?” ಎಂದಳು ಅಕ್ಕ.

“ಹೌದಪ್ಪ.”

ಸೊಸೆ ಇಣುಕಿದಳು. ತಗಡಿನ ಅಂಚಿನಲ್ಲಿ, ಬೆಳಗಾಗುವ ಮೊದಲಿನ ಆಕಾಶದ ಹಾಗೆ, ತೆಳ್ಳಗೆ ನೀಲಿ ಮೂಡುತ್ತಿತ್ತು.

ಮಾವ ತಿರುಗಿ ಒಬ್ಬೊಬ್ಬರ ಮುಖವನ್ನೇ ನೋಡಿದರು. ಎಷ್ಟೋ ದಿನದ ಮೇಲೆ ಅವರಿಗೆ ಆ ಮುಖಗಳು ನಿಚ್ಚಳವಾಗಿ ಕಾಣುತ್ತಿದ್ದವು. ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

“ಹೊಸ ಕಣ್ಣು, ಸ್ವಲ್ಪ ದಿನ ಎಲ್ಲ ನೀಲಿ ಕಾಣುತ್ತೆ ಅಂತ ನನಗೆ ಡಾಕ್ಟ್ರು ಹೇಳಿದ್ದಾರೆ ಕಣ್ರೋ. ನಿಮಗೆ ಯಾರು ಹೇಳಿದ್ದು?”

ಮೊದಲು ನಕ್ಕವಳು ಅಕ್ಕ, ಆಮೇಲೆ ಎಲ್ಲರೂ. ಸೊಸೆಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ, ಕಣ್ಣೊರೆಸಿಕೊಂಡು, ಮೆಲ್ಲಗೆ ಇನ್ನೊಂದು ಸಲ ತಗಡಿನ ಕಡೆ ನೋಡಿದಳು.

ನೀಲಿ ಇನ್ನೂ ಅಲ್ಲೇ ಇತ್ತು.